ಜಾಂಗೋ ಮಾಡೆಲ್‌ಗಳಲ್ಲಿ ಅಂಕಿಗಳಿಗೆ ಮೇರೆ

2005ರ ಡಿಸೆಂಬರ್ 8ರಂದು ಟೋಕಿಯೋ ಷೇರುಪೇಟೆಯಲ್ಲಿ ಜೆ-ಕಾಮ್ ಎಂಬ ಸಣ್ಣ ಕಂಪನಿಯ ಷೇರುಗಳು ಮೊದಲ ಬಾರಿಗೆ ವಹಿವಾಟಿಗೆ ಬಂದವು. ಮಿಜುಹೋ ಸೆಕ್ಯುರಿಟೀಸ್ ಸಂಸ್ಥೆಯ ನೌಕರರೊಬ್ಬರು ಒಂದು ಷೇರನ್ನು 6,10,000 ಯೆನ್‌ಗೆ ಮಾರಬೇಕಾಗಿತ್ತು. ಅವರು ಗಣಕಯಂತ್ರಕ್ಕೆ ಕೊಟ್ಟದ್ದು 6,10,000 ಷೇರುಗಳನ್ನು ತಲಾ ಒಂದು ಯೆನ್‌ಗೆ ಮಾರುವ ಆದೇಶ. ಆ ಕಂಪನಿ ಹೊರಡಿಸಿದ್ದ ಒಟ್ಟು ಷೇರುಗಳೇ 14,500 ಎಂಬುದನ್ನು ಇಲ್ಲಿ ಗಮನಿಸಬೇಕು. ಪರದೆಯ ಮೇಲೆ ಎಚ್ಚರಿಕೆ ಮೂಡಿತ್ತು, ಅದನ್ನು ದಾಟಿ ಮುಂದೆ ಹೋಗಲಾಯಿತು. ಆದೇಶವನ್ನು ಹಿಂತೆಗೆದುಕೊಳ್ಳಲು ಮಾಡಿದ ಪ್ರಯತ್ನಗಳು ಷೇರುಪೇಟೆಯ ತಂತ್ರಾಂಶದ ದೋಷದಿಂದಾಗಿ ವಿಫಲವಾದವು. ನಷ್ಟ ಸುಮಾರು 4,000 ಕೋಟಿ ಯೆನ್.

ಎರಡು ಅಂಕಣಗಳು, ಎರಡು ಅಂಕಿಗಳು, ಅವು ಅದಲುಬದಲಾದವು. ಲೆಡ್ಜರ್ ಕಾಲದ ಗುಮಾಸ್ತರಾಗಿದ್ದರೆ ಲೇಖನಿಯನ್ನು ಕೆಳಗಿಟ್ಟು ಕನ್ನಡಕವನ್ನು ಸರಿಪಡಿಸಿಕೊಂಡು ಒಮ್ಮೆ ಕೇಳುತ್ತಿದ್ದರು. ಗಣಕಕ್ಕೆ ಅನುಮಾನವೆಂಬುದು ಸಹಜವಾಗಿ ಇಲ್ಲ. ಯಾರಾದರೂ ಅದನ್ನು ಬರೆದು ಕೊಡಬೇಕು. ಒಂದು ಅಂಕಣದಲ್ಲಿ ಬರಬಹುದಾದ ಅಂಕಿಯ ಕನಿಷ್ಠ ಮತ್ತು ಗರಿಷ್ಠ ಮಿತಿಗಳನ್ನು ಮೊದಲೇ ಗೊತ್ತುಪಡಿಸಿ, ಅವುಗಳ ಹೊರಗಿನದನ್ನು ನಿರಾಕರಿಸುವ ಕ್ರಮಕ್ಕೆ ತಂತ್ರಜ್ಞರು ರೇಂಜ್ ವ್ಯಾಲಿಡೇಶನ್ ಎನ್ನುತ್ತಾರೆ. ನಾವು ಇಲ್ಲಿ ಅದನ್ನು ಮೇರೆ ಪರಿಶೀಲನೆ ಎಂದು ಕರೆಯುತ್ತೇವೆ. ಹೊರನಾಡಿನ ಕನ್ನಡ ಸಂಘಗಳು ಸದಸ್ಯರ ಪಟ್ಟಿ, ದತ್ತಿನಿಧಿ, ಸಭಾಗೃಹದ ಬಾಡಿಗೆ ಇವನ್ನೆಲ್ಲ ಅಂತರ್ಜಾಲಕ್ಕೆ ಏರಿಸುವಾಗ ಆ ಕೆಲಸ ಹೆಚ್ಚಾಗಿ ಸದಸ್ಯರ ಮನೆಯ ಎಳೆಯರ ಕೈಗೆ ಬರುತ್ತದೆ. ಅವರಿಗೂ, ಅವರ ಕೆಲಸವನ್ನು ಒಪ್ಪಿಕೊಳ್ಳಬೇಕಾದ ಪದಾಧಿಕಾರಿಗಳಿಗೂ ಈ ವಿಷಯ ತಿಳಿದಿರುವುದು ಒಳ್ಳೆಯದು. ಉದಾಹರಣೆಗೆ ನಾವು ಆರಿಸಿಕೊಂಡಿರುವುದು ಜಾಂಗೋ ಎಂಬ ಚೌಕಟ್ಟನ್ನು.

ಜಾಂಗೋ ಹುಟ್ಟಿದ್ದು ಒಂದು ಪತ್ರಿಕಾ ಕಚೇರಿಯಲ್ಲಿ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಜರ್ನಲ್-ವರ್ಲ್ಡ್ ಪತ್ರಿಕೆಯಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಇದನ್ನು ಕಟ್ಟತೊಡಗಿದರು. 2005ರ ಜುಲೈನಲ್ಲಿ ಇದು ಎಲ್ಲರಿಗೂ ಮುಕ್ತವಾಯಿತು. ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಅವರ ಹೆಸರೇ ಇದರ ಹೆಸರು. ಪೈಥಾನ್ ಭಾಷೆಯಲ್ಲಿ ಬರೆಯಲಾದ ಈ ಚೌಕಟ್ಟಿನಲ್ಲಿ ದತ್ತಸಂಚಯದ, ಅಂದರೆ ಡೇಟಾಬೇಸಿನ, ಒಂದೊಂದು ಕೋಷ್ಟಕವನ್ನೂ ಮಾಡೆಲ್ ಎಂಬ ಹೆಸರಿನಲ್ಲಿ ವರ್ಣಿಸಲಾಗುತ್ತದೆ. ಮಾಡೆಲ್‌ನ ಒಳಗಿನ ಒಂದೊಂದು ಅಂಕಣವೂ ಒಂದು ಫೀಲ್ಡ್. ಸದಸ್ಯ ಎಂಬುದು ಮಾಡೆಲ್ ಆದರೆ ಹೆಸರು, ಸದಸ್ಯತ್ವದ ಸಂಖ್ಯೆ, ಚಂದಾ ಹಣ, ಹುಟ್ಟಿದ ವರ್ಷ ಇವು ಫೀಲ್ಡ್‌ಗಳು.

ಅಂಕಣದ ಬಗೆಯೇ ಮೊದಲ ಮೇರೆ

ಪ್ರತಿಯೊಂದು ಅಂಕಿಯ ಫೀಲ್ಡಿಗೂ ಹುಟ್ಟಿನಿಂದಲೇ ಒಂದು ಮೇರೆ ಇರುತ್ತದೆ. ಸಾಮಾನ್ಯವಾಗಿ ಬಳಸುವ ಇಂಟಿಜರ್ ಫೀಲ್ಡ್ ಎಲ್ಲ ಡೇಟಾಬೇಸುಗಳಲ್ಲಿಯೂ ನಿಶ್ಚಿಂತೆಯಿಂದ ಹಿಡಿದಿಡಬಲ್ಲ ಗರಿಷ್ಠ ಸಂಖ್ಯೆ 214,74,83,647, ಅಂದರೆ ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆ. ಕೇಳಲು ಇದು ಬಹಳ ದೊಡ್ಡದು. ಆದರೆ ಹಣವನ್ನು ಪೈಸೆಗಳಲ್ಲಿ ಬರೆದಿಡುವ ಪದ್ಧತಿ ಇದ್ದರೆ ಈ ಮೇರೆ 2 ಕೋಟಿ 14 ಲಕ್ಷ ರೂಪಾಯಿಗೇ ಮುಗಿಯುತ್ತದೆ. ಮಹಾನಗರದ ಒಂದು ಸಂಘದ ಕಟ್ಟಡ ನಿಧಿ ಆ ಮಟ್ಟವನ್ನು ಮುಟ್ಟುವುದು ಅಸಂಭವವೇನಲ್ಲ. ಅಂತಹ ಕಡೆ ಬಿಗ್ ಇಂಟಿಜರ್ ಫೀಲ್ಡ್ ಬೇಕು. ಅದರ ಮಿತಿ ಸುಮಾರು 92 ಸಾವಿರ ಕೋಟಿ ಕೋಟಿ. ಸ್ಮಾಲ್ ಇಂಟಿಜರ್ ಫೀಲ್ಡ್ 32,767ಕ್ಕೆ ನಿಲ್ಲುತ್ತದೆ.

ಪಾಸಿಟಿವ್ ಇಂಟಿಜರ್ ಫೀಲ್ಡ್ ಎಂಬ ಹೆಸರು ಹೊಸಬರನ್ನು ದಾರಿ ತಪ್ಪಿಸುತ್ತದೆ. ಗಣಿತದಲ್ಲಿ ಧನಸಂಖ್ಯೆ ಎಂದರೆ ಸೊನ್ನೆಗಿಂತ ಹೆಚ್ಚಿನದು. ಜಾಂಗೋ ಮಾತ್ರ ಹಳೆಯ ತಂತ್ರಾಂಶಗಳೊಡನೆ ಹೊಂದಾಣಿಕೆಗಾಗಿ ಇಲ್ಲಿ ಸೊನ್ನೆಯನ್ನೂ ಒಪ್ಪುತ್ತದೆ. ಚಂದಾ ಹಣ ಸೊನ್ನೆಯಾಗಕೂಡದು ಎಂದಿದ್ದರೆ ಈ ಫೀಲ್ಡನ್ನು ನಂಬಿ ಕೂರುವಂತಿಲ್ಲ.

ಬಗೆಯ ಮೇರೆಯನ್ನು ಮೀರಿದಾಗ ಏನಾಗುತ್ತದೆ ಎಂಬುದು ಡೇಟಾಬೇಸಿನಿಂದ ಡೇಟಾಬೇಸಿಗೆ ಬೇರೆ. ಪೋಸ್ಟ್‌ಗ್ರೆಸ್ ದೋಷವೆಂದು ಹೇಳಿ ನಿಲ್ಲಿಸುತ್ತದೆ. ಎಸ್‌ಕ್ಯೂಲೈಟ್ ದೊಡ್ಡ ಅಂಕಿಯನ್ನೂ ಸುಮ್ಮನೆ ಇಟ್ಟುಕೊಳ್ಳುತ್ತದೆ. ಆದುದರಿಂದ ಮನೆಯ ಗಣಕದಲ್ಲಿ ಎಸ್‌ಕ್ಯೂಲೈಟ್ ಇಟ್ಟುಕೊಂಡು ಪರೀಕ್ಷಿಸಿದವರಿಗೆ ದೋಷ ಕಾಣುವುದು ತಾಣ ಲೋಕಾರ್ಪಣೆಯಾದ ಮೇಲೆಯೇ. ಮೈ ಎಸ್‌ಕ್ಯೂಎಲ್‌ನ ಹಳೆಯ ನಡವಳಿಕೆ ಎಲ್ಲಕ್ಕಿಂತ ಅಪಾಯಕಾರಿ. 2015ರ 5.7ನೆಯ ಆವೃತ್ತಿಯಲ್ಲಿ ಕಟ್ಟುನಿಟ್ಟಿನ ಕ್ರಮವೇ ಸಹಜ ಕ್ರಮವಾಗುವ ಮುನ್ನ ಅದು ಮಿತಿ ಮೀರಿದ ಅಂಕಿಯನ್ನು ತಾನೇ ಕತ್ತರಿಸಿ, ಮಿತಿಯ ಅಂಕಿಯನ್ನೇ ಬರೆದಿಟ್ಟು, ಒಂದು ಎಚ್ಚರಿಕೆಯ ಸಾಲಿನೊಂದಿಗೆ ಮುಂದುವರಿಯುತ್ತಿತ್ತು. ನಮ್ಮ ಹತ್ತು ಅಂಕೆಗಳ ಮೊಬೈಲ್ ಸಂಖ್ಯೆಯನ್ನು ಇಂಟಿಜರ್ ಅಂಕಣದಲ್ಲಿ ಇಟ್ಟರೆ ಪ್ರತಿಯೊಬ್ಬರ ದೂರವಾಣಿಯೂ 2147483647 ಆಗಿಬಿಡುತ್ತಿತ್ತು. ಯಾವುದಾದರೂ ಹಳೆಯ ಪಟ್ಟಿಯಲ್ಲಿ ಈ ಸಂಖ್ಯೆ ಸಾಲುಸಾಲಾಗಿ ಕಂಡರೆ ಕಾರಣ ಇದೇ ಇರಬೇಕೆಂದು ಊಹಿಸಬಹುದು. ದೂರವಾಣಿ, ಪಿನ್‌ಕೋಡ್, ಖಾತೆಯ ಸಂಖ್ಯೆ ಇವು ಹೆಸರಿಗೆ ಸಂಖ್ಯೆಗಳಾದರೂ ಕೂಡಿ ಕಳೆಯುವಂಥವಲ್ಲ. ಅವುಗಳನ್ನು ಅಕ್ಷರಗಳ ಅಂಕಣದಲ್ಲಿ ಇಡುವುದೇ ಸರಿ. ಇಲ್ಲವಾದರೆ ಖಾತೆ ಸಂಖ್ಯೆಯ ಮುಂದಿನ ಸೊನ್ನೆಗಳೂ ಮಾಯವಾಗುತ್ತವೆ.

ಹಣಕ್ಕೆ ಡೆಸಿಮಲ್ ಫೀಲ್ಡ್ ತಕ್ಕದ್ದು, ಫ್ಲೋಟ್ ಅಲ್ಲ. ಫ್ಲೋಟ್ ಲೆಕ್ಕದಲ್ಲಿ 0.1 ಮತ್ತು 0.2 ಕೂಡಿದರೆ 0.3ಕ್ಕಿಂತ ಕೂದಲೆಳೆಯಷ್ಟು ಹೆಚ್ಚಿನ ಉತ್ತರ ಬರುತ್ತದೆ. ಮೇರೆಯ ಮೇಲೆಯೇ ನಿಂತ ಅಂಕಿಯೊಂದು ಆ ಕೂದಲೆಳೆಯಿಂದ ಹೊರಗೆ ಬೀಳಬಹುದು. ಡೆಸಿಮಲ್ ಫೀಲ್ಡಿಗೆ ಒಟ್ಟು ಅಂಕೆಗಳೆಷ್ಟು, ದಶಮಾಂಶದ ನಂತರ ಎಷ್ಟು ಎಂದು ಹೇಳಬೇಕು. ಐದು ಮತ್ತು ಎರಡು ಎಂದರೆ 999.99ರವರೆಗೆ ಜಾಗ ಸಿಕ್ಕಿತು. ಬಡ್ಡಿಯ ದರಕ್ಕೆ ಇದು ಸಾಕಷ್ಟಾಯಿತೆಂದು ಹಲವರು ಅಲ್ಲಿಗೇ ಬಿಡುತ್ತಾರೆ. 8.5 ಎಂದು ಬರೆಯುವಲ್ಲಿ ಚುಕ್ಕಿ ಬಿಟ್ಟುಹೋಗಿ 85 ಆದರೆ ಈ ಅಂಕಣ ತುಟಿಪಿಟಕ್ಕೆನ್ನದೆ ಅದನ್ನು ಸ್ವೀಕರಿಸುತ್ತದೆ.

ವ್ಯಾಲಿಡೇಟರ್ ಎಂಬ ಕಾವಲುಗಾರ

ಬಗೆಯ ಮೇರೆ ಗಣಕದ ಅನುಕೂಲಕ್ಕೆ ಹುಟ್ಟಿದ್ದು. ನಮ್ಮ ವ್ಯವಹಾರದ ಮೇರೆಯನ್ನು ನಾವೇ ಬರೆಯಬೇಕು. 2010ರಲ್ಲಿ ಬಂದ ಜಾಂಗೋ 1.2ನೆಯ ಆವೃತ್ತಿಯಿಂದ ಇದಕ್ಕೆ ಮಾಡೆಲ್‌ನಲ್ಲಿಯೇ ಸ್ಥಳ ದೊರೆಯಿತು. ಫೀಲ್ಡಿನ ವರ್ಣನೆಯಲ್ಲಿ ವ್ಯಾಲಿಡೇಟರುಗಳ ಪಟ್ಟಿಯನ್ನು ಕೊಡಬಹುದು. ಕನಿಷ್ಠ ಮಿತಿಗೆ ಮಿನ್ ವ್ಯಾಲ್ಯೂ ವ್ಯಾಲಿಡೇಟರ್, ಗರಿಷ್ಠ ಮಿತಿಗೆ ಮ್ಯಾಕ್ಸ್ ವ್ಯಾಲ್ಯೂ ವ್ಯಾಲಿಡೇಟರ್. ಇವೆರಡೂ ಮಿತಿಯ ಅಂಕಿಯನ್ನು ಒಳಗೊಂಡೇ ಲೆಕ್ಕ ಹಾಕುತ್ತವೆ. ಗರಿಷ್ಠ 15 ಎಂದರೆ 15 ಸಲ್ಲುತ್ತದೆ, 15.01 ಸಲ್ಲದು. ನಿರಾಕರಣೆಯ ಮಾತನ್ನು ನಮ್ಮದೇ ನುಡಿಯಲ್ಲಿ ಬರೆಯಬಹುದು. ಬರಿದೆ ತಪ್ಪು ಎನ್ನುವುದಕ್ಕಿಂತ ಬಡ್ಡಿಯ ದರ ಶೇ. 15ಕ್ಕಿಂತ ಹೆಚ್ಚಿದೆ, ದಶಮಾಂಶ ಚುಕ್ಕಿಯನ್ನು ನೋಡಿ ಎಂದು ಬರೆದರೆ ಬೆರಳಚ್ಚು ಮಾಡುವವರಿಗೆ ಉಪಕಾರವಾಗುತ್ತದೆ. 2022ರ 4.1ನೆಯ ಆವೃತ್ತಿಯಲ್ಲಿ ಸ್ಟೆಪ್ ವ್ಯಾಲ್ಯೂ ವ್ಯಾಲಿಡೇಟರ್ ಬಂತು. ದೇಣಿಗೆ ನೂರು ರೂಪಾಯಿಗಳ ಗುಣಕದಲ್ಲಿಯೇ ಇರಬೇಕೆಂಬಂತಹ ನಿಯಮಕ್ಕೆ ಅದು ಸಾಕು.

ಮಿತಿಯೇ ಕಾಲದೊಡನೆ ಚಲಿಸುವಂಥದಾಗಿದ್ದರೆ ಎಚ್ಚರ ಬೇಕು. ಸದಸ್ಯರು ಸೇರಿದ ವರ್ಷ ಈ ವರ್ಷಕ್ಕಿಂತ ಮುಂದಿನದಾಗಕೂಡದು ಎಂಬ ನಿಯಮವನ್ನು ತೆಗೆದುಕೊಳ್ಳೋಣ. ಈ ವರ್ಷ ಯಾವುದೆಂಬ ಲೆಕ್ಕವನ್ನು ಮಾಡೆಲ್‌ನಲ್ಲಿ ನೇರವಾಗಿ ಬರೆದರೆ ಸರ್ವರ್ ಚಾಲೂ ಆದ ಕ್ಷಣದಲ್ಲಿ ಅದು ಒಮ್ಮೆ ಮಾತ್ರ ನಡೆದು ಅಲ್ಲಿಯೇ ಹೆಪ್ಪುಗಟ್ಟುತ್ತದೆ. ಜನವರಿ ಒಂದರಂದು ಬಂದ ಹೊಸ ಸದಸ್ಯರನ್ನು ತಾಣ ಬಾಗಿಲಲ್ಲೇ ತಡೆಯುತ್ತದೆ. 2019ರ 2.2ನೆಯ ಆವೃತ್ತಿಯಿಂದ ಮಿತಿಯ ಜಾಗದಲ್ಲಿ ಒಂದು ಫಂಕ್ಷನ್ನನ್ನೇ ಕೊಡಲು ಅವಕಾಶವಿದೆ. ಆಗ ಪ್ರತಿ ಬಾರಿಯೂ ಹೊಸದಾಗಿ ಲೆಕ್ಕವಾಗುತ್ತದೆ.

ಇನ್ನೊಂದು ಮಾತು: ಅಂಕಣ ಖಾಲಿಯಾಗಿದ್ದರೆ ವ್ಯಾಲಿಡೇಟರುಗಳು ಮೌನ ತಾಳುತ್ತವೆ. ಸೊನ್ನೆ ಬೇರೆ, ಖಾಲಿ ಬೇರೆ. ಖಾಲಿ ಬಿಡಕೂಡದೆಂಬುದು ಪ್ರತ್ಯೇಕ ನಿಯಮ, ಅದನ್ನು ಪ್ರತ್ಯೇಕವಾಗಿಯೇ ಹೇಳಬೇಕು.

ಕಾವಲುಗಾರ ಯಾವ ಬಾಗಿಲಲ್ಲಿದ್ದಾನೆ?

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಮಾಡೆಲ್‌ನಲ್ಲಿ ಮಿತಿಯನ್ನು ಬರೆದ ಮೇಲೆ ಡೇಟಾಬೇಸಿಗೆ ತಪ್ಪು ಅಂಕಿ ಹೋಗಲಾರದೆಂದು ಯಾರೇ ಆದರೂ ಭಾವಿಸುತ್ತಾರೆ. ವಾಸ್ತವ ಹಾಗಿಲ್ಲ. ದಾಖಲೆಯನ್ನು ಉಳಿಸುವ ಸೇವ್ ಎಂಬ ಕ್ರಿಯೆ ವ್ಯಾಲಿಡೇಟರುಗಳನ್ನು ಕರೆಯುವುದೇ ಇಲ್ಲ. ಅವುಗಳನ್ನು ಕರೆಯುವುದು ಫುಲ್ ಕ್ಲೀನ್ ಎಂಬ ಬೇರೊಂದು ಕ್ರಿಯೆ. ಮಾಡೆಲ್ ಫಾರಂ ಮೂಲಕ ಬಂದ ಮಾಹಿತಿಗೆ ಜಾಂಗೋ ಈ ಪರಿಶೀಲನೆಯನ್ನು ತಾನಾಗಿಯೇ ನಡೆಸುತ್ತದೆ. ಆಡಳಿತ ಪುಟವಾದ ಅಡ್ಮಿನ್ ಕೂಡ ಮಾಡೆಲ್ ಫಾರಂ ಅನ್ನೇ ಬಳಸುವುದರಿಂದ ಅಲ್ಲಿಯೂ ಮಿತಿ ಕೆಲಸ ಮಾಡುತ್ತದೆ. ಆ ಪುಟದಲ್ಲಿ ಒಂದೆರಡು ತಪ್ಪು ಅಂಕಿಗಳನ್ನು ಹಾಕಿ ನೋಡಿ, ಕೆಂಪು ಅಕ್ಷರದ ನಿರಾಕರಣೆ ಕಂಡು, ಎಲ್ಲ ಸರಿಯಿದೆ ಎಂದು ನಿಶ್ಚಿಂತರಾಗುವುದು ವಾಡಿಕೆ.

ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ ಕಾವಲುಗಾರ ಇರುವುದು ಗ್ರಾಹಕರ ಬಾಗಿಲಲ್ಲಿ. ಹಿಂಬಾಗಿಲಿನಿಂದ ಬರುವ ಪೆಟ್ಟಿಗೆಗಳನ್ನು ಅವನು ನೋಡುವುದಿಲ್ಲ. ಎಕ್ಸೆಲ್ ಹಾಳೆಯಿಂದ ಸಾವಿರಾರು ಸಾಲುಗಳನ್ನು ಒಮ್ಮೆಗೇ ಸೇರಿಸುವ ಬಲ್ಕ್ ಕ್ರಿಯೇಟ್ ಆಗಲಿ, ಹಲವು ಸಾಲುಗಳನ್ನು ಒಂದೇ ಆಜ್ಞೆಯಿಂದ ಬದಲಿಸುವ ಅಪ್‌ಡೇಟ್ ಆಗಲಿ ಫುಲ್ ಕ್ಲೀನ್ ಇರಲಿ, ಸೇವ್ ಅನ್ನೂ ಕರೆಯುವುದಿಲ್ಲ. ನಾವು ಕಂಡ ಒಂದು ಸಂಸ್ಥೆಯ ಪಟ್ಟಿಯಲ್ಲಿ ಹಳೆಯ ಹಾಳೆಯ ಒಂದು ಅಂಕಣ ಪಕ್ಕಕ್ಕೆ ಸರಿದು ಕೆಲವು ಹಿರಿಯ ಸದಸ್ಯರ ವಯಸ್ಸಿನ ಜಾಗದಲ್ಲಿ ನಾಲ್ಕು ಲಕ್ಷದ ಮೇಲಿನ ಅಂಕಿಗಳು ಕುಳಿತಿದ್ದವು. ಅವು ಮುಂಬಯಿಯ ಪಿನ್‌ಕೋಡುಗಳು. ಫಾರಂನಲ್ಲಿ 120ರ ಮಿತಿ ಇದ್ದೇ ಇತ್ತು. ಹಿರಿಯ ಸದಸ್ಯರ ಸಮ್ಮಾನಕ್ಕೆ ವಯಸ್ಸಿನ ಕ್ರಮದಲ್ಲಿ ಪಟ್ಟಿ ತೆಗೆದ ದಿನ ಅದು ಬೆಳಕಿಗೆ ಬಂತು. ಆ ಮೊದಲೇ ಎಷ್ಟು ಪಟ್ಟಿಗಳು ಅದನ್ನು ನಂಬಿ ಹೊರಟಿದ್ದವೋ ಹೇಳುವವರಿರಲಿಲ್ಲ.

ಸೇವ್ ಕ್ರಿಯೆಯನ್ನೇ ತಿದ್ದಿ ಅದರೊಳಗೆ ಫುಲ್ ಕ್ಲೀನ್ ಕರೆಯುವುದು ಕೆಲವರು ಸೂಚಿಸುವ ಉಪಾಯ. ಅದರಿಂದ ಸ್ವಲ್ಪ ಲಾಭವಿದೆ. ಆದರೆ ಫಾರಂ ಮೂಲಕ ಬಂದ ದಾಖಲೆಗೆ ಒಂದೇ ಪರಿಶೀಲನೆ ಎರಡು ಬಾರಿ ನಡೆಯುತ್ತದೆ, ಮೇಲೆ ಹೇಳಿದ ಎರಡು ಹಿಂಬಾಗಿಲುಗಳು ತೆರೆದೇ ಉಳಿಯುತ್ತವೆ. ಆದ್ದರಿಂದ ಇದನ್ನು ಪೂರ್ಣ ಪರಿಹಾರವೆಂದು ನಾವು ಒಪ್ಪುವುದಿಲ್ಲ.

ತಿಜೋರಿಯಲ್ಲಿಯೇ ಬೀಗ

ಪೂರ್ಣ ಪರಿಹಾರಕ್ಕೆ ಹತ್ತಿರವಾದದ್ದು ಡೇಟಾಬೇಸಿಗೇ ನಿಯಮವನ್ನು ಒಪ್ಪಿಸುವುದು. 2019ರ ಏಪ್ರಿಲ್‌ನಲ್ಲಿ ಬಂದ ಜಾಂಗೋ 2.2ರಲ್ಲಿ ಚೆಕ್ ಕನ್ಸ್‌ಟ್ರೇಂಟ್ ಎಂಬ ಸೌಲಭ್ಯ ಸೇರಿತು. ಮಾಡೆಲ್‌ನ ಮೆಟಾ ಭಾಗದಲ್ಲಿ ನಿಯಮವನ್ನೂ ಅದಕ್ಕೊಂದು ಹೆಸರನ್ನೂ ಬರೆದು ಮೈಗ್ರೇಶನ್ ನಡೆಸಿದರೆ ಆ ನಿಯಮ ಕೋಷ್ಟಕದ ಅಂಗವಾಗುತ್ತದೆ. ಆಮೇಲೆ ಅಂಕಿ ಫಾರಂನಿಂದ ಬರಲಿ, ಎಕ್ಸೆಲ್ ಹಾಳೆಯಿಂದ ಬರಲಿ, ಜಾಂಗೋವನ್ನೇ ಬಿಟ್ಟು ಬೇರೆ ತಂತ್ರಾಂಶದಿಂದ ಬರಲಿ, ಡೇಟಾಬೇಸು ಒಪ್ಪುವುದಿಲ್ಲ. 5.1ನೆಯ ಆವೃತ್ತಿಯಿಂದ ನಿಯಮ ಬರೆಯುವ ಅಂಶದ ಹೆಸರು ಚೆಕ್ ಎಂಬುದರಿಂದ ಕಂಡೀಶನ್ ಎಂದು ಬದಲಾಗಿದೆ. ಹಳೆಯ ಪಾಠಗಳನ್ನು ನೋಡಿ ಬರೆಯುವವರು ಇಲ್ಲಿ ಎಡವುತ್ತಾರೆ.

ಹಾಗೆಂದು ವ್ಯಾಲಿಡೇಟರುಗಳನ್ನು ತೆಗೆದುಹಾಕುವುದು ತರವಲ್ಲ. ಡೇಟಾಬೇಸಿನ ನಿರಾಕರಣೆ ಇಂಟಿಗ್ರಿಟಿ ಎರರ್ ಎಂಬ ಒರಟು ಮಾತು. ಅದನ್ನು ಹಿಡಿದು ಸಂಭಾಳಿಸದಿದ್ದರೆ ಸದಸ್ಯರಿಗೆ ಕಾಣುವುದು ಮುರಿದುಬಿದ್ದ ಪುಟ. ವ್ಯಾಲಿಡೇಟರ್ ಯಾವ ಅಂಕಣದಲ್ಲಿ ಏನು ತಪ್ಪಾಯಿತೆಂದು ಸೌಜನ್ಯದಿಂದ ತಿಳಿಸುತ್ತದೆ. 4.1ನೆಯ ಆವೃತ್ತಿಯಿಂದ ಫುಲ್ ಕ್ಲೀನ್ ಈ ಕನ್ಸ್‌ಟ್ರೇಂಟ್‌ಗಳನ್ನೂ ಮೊದಲೇ ಪರಿಶೀಲಿಸುವುದರಿಂದ ಎರಡರ ನಡುವಿನ ಅಂತರ ಕಡಿಮೆಯಾಗಿದೆ.

ಮೈ ಎಸ್‌ಕ್ಯೂಎಲ್ ಬಳಸುವವರು ಆವೃತ್ತಿಯನ್ನು ಅಗತ್ಯವಾಗಿ ನೋಡಿಕೊಳ್ಳಬೇಕು. 2019ರ 8.0.16ರವರೆಗೆ ಅದು ಚೆಕ್ ನಿಯಮವನ್ನು ಓದಿ, ತಲೆಯಾಡಿಸಿ, ಮರೆತುಬಿಡುತ್ತಿತ್ತು. ಮತ್ತೆ ಖಾಲಿ ಅಂಕಣದ ವಿಷಯ ಇಲ್ಲಿಯೂ ಇದೆ: ನಲ್ ಎಂಬ ಖಾಲಿ ಮೌಲ್ಯಕ್ಕೆ ಚೆಕ್ ನಿಯಮದ ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ, ಡೇಟಾಬೇಸು ಅದನ್ನು ಒಳಗೆ ಬಿಡುತ್ತದೆ.

ಬ್ಯಾಂಕಿನವರಿಗೆ ಚೆನ್ನಾಗಿ ಅರ್ಥವಾಗುವ ಒಂದು ಸಂದರ್ಭವನ್ನು ಹೇಳಬೇಕು. ಖಾತೆಯಲ್ಲಿ 10,000 ರೂಪಾಯಿ ಇದೆ. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಒಂದೇ ಕ್ಷಣದಲ್ಲಿ 8,000 ರೂಪಾಯಿ ತೆಗೆಯುತ್ತಾರೆ. ಎರಡು ಕಡೆಯ ತಂತ್ರಾಂಶವೂ ಬಾಕಿಯನ್ನು ಓದಿ ಸಾಕಷ್ಟಿದೆ ಎಂದು ಒಪ್ಪುತ್ತದೆ. ವ್ಯಾಲಿಡೇಟರ್ ನೋಡಿದಾಗ ಎರಡೂ ಸರಿ. ಕಳೆಯುವ ಕೆಲಸವನ್ನು ಜಾಂಗೋದ ಎಫ್ ಎಕ್ಸ್‌ಪ್ರೆಶನ್ ಮೂಲಕ ಡೇಟಾಬೇಸಿನಲ್ಲಿಯೇ ಮಾಡಿಸಿ, ಬಾಕಿ ಸೊನ್ನೆಗಿಂತ ಕಡಿಮೆಯಾಗಕೂಡದೆಂಬ ಚೆಕ್ ನಿಯಮ ಇಟ್ಟಿದ್ದರೆ ಮೊದಲಿನದು 2,000 ಉಳಿಸುತ್ತದೆ, ಎರಡನೆಯದು ತಿರಸ್ಕೃತವಾಗುತ್ತದೆ. ಆದರೆ ತಂತ್ರಾಂಶವೇ ಕಳೆದು 2,000 ಎಂಬ ಉತ್ತರವನ್ನು ಎರಡು ಬಾರಿ ಬರೆದರೆ ಯಾವ ಮೇರೆಯೂ ಅದನ್ನು ಹಿಡಿಯಲಾರದು. ಅಂಕಿ ಮೇರೆಯೊಳಗಿದೆ, ಹಣ ಮಾತ್ರ ಹೋಗಿದೆ.

ಎರಡು ಅಂಕಣಗಳನ್ನು ಹೋಲಿಸುವ ನಿಯಮವನ್ನೂ ಚೆಕ್ ಕನ್ಸ್‌ಟ್ರೇಂಟ್‌ನಲ್ಲಿ ಬರೆಯಬಹುದು, ಆದರೆ ಅವು ಒಂದೇ ಸಾಲಿನಲ್ಲಿರಬೇಕು. ಟೋಕಿಯೋದ ಪ್ರಸಂಗದಲ್ಲಿ ಮಾರಾಟದ ಪ್ರಮಾಣವನ್ನು ಕಂಪನಿಯ ಒಟ್ಟು ಷೇರುಗಳೊಡನೆ ಹೋಲಿಸಬೇಕಿತ್ತು. ಅಂತಹ ಒಟ್ಟು ಸಾಮಾನ್ಯವಾಗಿ ಬೇರೊಂದು ಕೋಷ್ಟಕದಲ್ಲಿರುತ್ತದೆ. ಅಲ್ಲಿಗೆ ಚೆಕ್ ನಿಯಮದ ಕೈ ಎಟಕುವುದಿಲ್ಲ. ಮಾಡೆಲ್‌ನ ಕ್ಲೀನ್ ಕ್ರಿಯೆಯಲ್ಲಿ ಅದನ್ನು ಬರೆದು, ಫುಲ್ ಕ್ಲೀನ್ ಕರೆಯಲು ಮರೆಯದಿರುವುದು ಒಂದು ದಾರಿ.

ಎಷ್ಟೆಂದು ಗೊತ್ತುಮಾಡುವವರು ಯಾರು?

ತಾಂತ್ರಿಕ ಭಾಗ ಇಷ್ಟೇ. ಕಷ್ಟವಾದದ್ದು ಅಂಕಿಯ ಆಯ್ಕೆ. ವಯಸ್ಸಿಗೆ 100ರ ಮಿತಿ ಹಾಕಿದ್ದರೆ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳ ವಿವರವನ್ನು ಆ ಪಟ್ಟಿ ನಿರಾಕರಿಸುತ್ತಿತ್ತು. 1907ರಲ್ಲಿ ಜನಿಸಿದ ಅವರು ಲಿಂಗೈಕ್ಯರಾದದ್ದು 2019ರಲ್ಲಿ. ಫ್ರಾನ್ಸಿನ ಜಾನ್ ಕಾಲ್ಮಾ ಎಂಬ ಮಹಿಳೆ 122 ವರ್ಷ ಬಾಳಿದರು. ವಯಸ್ಸಿಗಿಂತ ಹುಟ್ಟಿದ ದಿನಾಂಕವನ್ನು ಇಡುವುದೇ ಮೇಲು, ಏಕೆಂದರೆ ಬರೆದಿಟ್ಟ ವಯಸ್ಸು ಮರುವರ್ಷವೇ ಸುಳ್ಳಾಗುತ್ತದೆ.

ಬೆಲೆ ಸೊನ್ನೆಗಿಂತ ಕೆಳಗೆ ಇಳಿಯದೆಂಬುದು ಯಾರೂ ಪ್ರಶ್ನಿಸದ ಮಾತಾಗಿತ್ತು. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾತೈಲದ ಮೇ ತಿಂಗಳ ಒಪ್ಪಂದ ಒಂದು ಬ್ಯಾರೆಲ್‌ಗೆ ಋಣ 37.63 ಡಾಲರಿಗೆ ಮುಗಿಯಿತು. ಅದನ್ನು ಅನುಸರಿಸಿ ಮುಂಬಯಿಯ ಮಲ್ಟಿ ಕಮಾಡಿಟಿ ಎಕ್ಸ್‌ಚೇಂಜ್ ತನ್ನ ಏಪ್ರಿಲ್ ಒಪ್ಪಂದವನ್ನು ಋಣ 2,884 ರೂಪಾಯಿಗೆ ಇತ್ಯರ್ಥ ಮಾಡಿತು. ಶಿಕಾಗೋದ ಎಕ್ಸ್‌ಚೇಂಜ್ ಋಣ ಬೆಲೆಗೆ ತನ್ನ ವ್ಯವಸ್ಥೆ ಸಿದ್ಧವಿದೆಯೆಂದು ಕೆಲವೇ ದಿನಗಳ ಮುಂಚೆ ಸಾರಿತ್ತು. ಅಷ್ಟರಲ್ಲಿ ಎಲ್ಲ ದಲ್ಲಾಳಿಗಳ ತಂತ್ರಾಂಶವೂ ತಯಾರಾಗಿರಲಿಲ್ಲ. ಬಡ್ಡಿಯ ದರವೂ ಹಾಗೆಯೇ. ಯೂರೋಪಿಯನ್ ಸೆಂಟ್ರಲ್ ಬ್ಯಾಂಕು 2014ರಲ್ಲಿ, ಬ್ಯಾಂಕ್ ಆಫ್ ಜಪಾನ್ 2016ರಲ್ಲಿ ಸೊನ್ನೆಯ ಕೆಳಗಿನ ದರಕ್ಕೆ ಇಳಿದವು. ಕನಿಷ್ಠ ಸೊನ್ನೆ ಎಂದು ಬರೆಯುವಾಗ ಅದು ನಿಸರ್ಗದ ನಿಯಮವೋ ನಮ್ಮ ಅಭ್ಯಾಸವೋ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಅನುಮಾನವಿದ್ದಲ್ಲಿ ತಡೆಯುವ ಬದಲು ಎಚ್ಚರಿಸಿದರೆ ಸಾಲದೇ ಎಂಬ ಪ್ರಶ್ನೆಗೆ 2022ರ ಮೇ 2ರಂದು ಲಂಡನ್ನಿನಲ್ಲಿ ನಡೆದದ್ದೇ ಉತ್ತರ. ಸಿಟಿಗ್ರೂಪ್‌ನ ವ್ಯಾಪಾರಿಯೊಬ್ಬರು 5.8 ಕೋಟಿ ಡಾಲರ್ ಮೌಲ್ಯದ ಷೇರುಗಳನ್ನು ಮಾರಹೊರಟು, ಮೌಲ್ಯದ ಬದಲು ಪ್ರಮಾಣದ ಅಂಕಣದಲ್ಲಿ ಆ ಅಂಕಿಯನ್ನು ಬರೆದು, 44,400 ಕೋಟಿ ಡಾಲರಿನ ಆದೇಶವನ್ನು ಸೃಷ್ಟಿಸಿದರು. ಪರದೆಯ ಮೇಲೆ 711 ಎಚ್ಚರಿಕೆಗಳು ಬಂದವು. ಕಣ್ಣಿಗೆ ಬೀಳುತ್ತಿದ್ದುದು ಮೊದಲ 18 ಸಾಲುಗಳು ಮಾತ್ರ, ಎಲ್ಲವನ್ನೂ ಒಟ್ಟಿಗೆ ದಾಟಿಹೋಗಲು ಅವಕಾಶವೂ ಇತ್ತು. 25,500 ಕೋಟಿ ಡಾಲರಿನಷ್ಟನ್ನು ತಡೆದದ್ದು ದಾಟಲಾಗದ ಮಿತಿಗಳು. ರದ್ದಾಗುವ ಮುನ್ನ 140 ಕೋಟಿ ಡಾಲರಿನ ಷೇರುಗಳು ಮಾರಾಟವಾಗಿಹೋಗಿದ್ದವು. ಬ್ರಿಟನ್ನಿನ ನಿಯಂತ್ರಕರು 2024ರಲ್ಲಿ ವಿಧಿಸಿದ ದಂಡ 6 ಕೋಟಿ 16 ಲಕ್ಷ ಪೌಂಡ್.

ಎರಡು ಮೇರೆಗಳನ್ನು ಇಡುವುದು ನಮಗೆ ಸರಿಯೆನಿಸುತ್ತದೆ. ಒಳಗಿನದು ಕೇಳುವ ಮೇರೆ: ಚಂದಾ 5,000 ರೂಪಾಯಿ ಮೀರಿದರೆ ಇನ್ನೊಬ್ಬ ಪದಾಧಿಕಾರಿಯ ಒಪ್ಪಿಗೆ ಬೇಕು. ಹೊರಗಿನದು ನಿಲ್ಲಿಸುವ ಮೇರೆ: ಲಕ್ಷ ಮೀರಿದರೆ ಡೇಟಾಬೇಸೇ ತೆಗೆದುಕೊಳ್ಳುವುದಿಲ್ಲ. ಬ್ಯಾಂಕುಗಳಲ್ಲಿ ಒಬ್ಬರು ಬರೆದು ಇನ್ನೊಬ್ಬರು ಒಪ್ಪುವ ಕ್ರಮ ಹಿಂದಿನಿಂದ ಇರುವುದು ಇದಕ್ಕಾಗಿಯೇ. ಈ ಅಂಕಿಗಳನ್ನು ಪ್ರೋಗ್ರಾಂ ಬರೆಯುವ ಹುಡುಗನ ಊಹೆಗೆ ಬಿಡದೆ ಖಜಾಂಚಿಯವರು ಬರೆದು ಕೊಡುವುದು ಲೇಸು.

ಈಗಾಗಲೇ ನಡೆಯುತ್ತಿರುವ ತಾಣಕ್ಕೆ ಚೆಕ್ ನಿಯಮ ಸೇರಿಸುವವರು ಮೊದಲು ಹಳೆಯ ಸಾಲುಗಳನ್ನು ಸೋಸಬೇಕು. ಮೇರೆ ಮೀರಿದ ಒಂದೇ ಸಾಲು ಇದ್ದರೂ ಪೋಸ್ಟ್‌ಗ್ರೆಸ್ ಮೈಗ್ರೇಶನ್ನನ್ನು ತಿರಸ್ಕರಿಸುತ್ತದೆ. ಆಗ ನಿಯಮವನ್ನು ಸಡಿಲಿಸಿ ಮುಂದೆ ಸಾಗುವ ಆಸೆ ಬರುವುದು ಸಹಜ. ಮಿತಿಗಿಂತ ಹೆಚ್ಚಿನ ಹಾಗೂ ಕಡಿಮೆಯ ಸಾಲುಗಳನ್ನು ಫಿಲ್ಟರ್ ಆಜ್ಞೆಯಿಂದ ಹೆಕ್ಕಿ, ಮೂಲ ಅರ್ಜಿಯ ಕಾಗದವನ್ನು ತೆರೆದು, ಒಂದೊಂದನ್ನೇ ತಿದ್ದಿ, ಆಮೇಲೆ ಮೈಗ್ರೇಶನ್ ನಡೆಸಬೇಕು. ಅದಾದ ಬಳಿಕ ಪರೀಕ್ಷೆಗೆ ಪ್ರತಿ ಅಂಕಣಕ್ಕೂ ಐದು ಬೆಲೆಗಳು ಸಾಕು: ಕನಿಷ್ಠ, ಅದಕ್ಕಿಂತ ಒಂದು ಕಡಿಮೆ, ಗರಿಷ್ಠ, ಅದಕ್ಕಿಂತ ಒಂದು ಹೆಚ್ಚು, ಖಾಲಿ. ಇವುಗಳನ್ನು ಫಾರಂನಿಂದ ಒಮ್ಮೆ, ಬಲ್ಕ್ ಕ್ರಿಯೇಟ್‌ನಿಂದ ಇನ್ನೊಮ್ಮೆ ಕಳುಹಿಸಿ ನೋಡಬೇಕು.